ಕಿರುಂಡಿಯ ‘ಗುಕೊರ’, ನಮ್ಮ ‘ಮಾಡು’: ಒಂದು ಕ್ರಿಯಾಪದವನ್ನು ಬಿಚ್ಚಿ ನೋಡೋಣ

ಬುರುಂಡಿ ದೇಶದಲ್ಲಿ ಯಾರಾದರೂ ನಿಮಗೊಂದು ಉಪಕಾರ ಮಾಡಿದರೆ ‘ಉರಕೊಜ಼ೆ’ ಅನ್ನಬೇಕು. ಧನ್ಯವಾದ ಅಂತ ಅರ್ಥ. ಆದರೆ ಈ ಪದ ನಮ್ಮ ‘ಧನ್ಯವಾದ’ದ ಹಾಗೆ ನಾಮಪದ ಅಲ್ಲ. ಇದೊಂದು ಪೂರ್ತಿ ವಾಕ್ಯ. ಬಿಚ್ಚಿದರೆ ಒಳಗೆ ಸಿಗೋದು ‘ನೀನು ಈಗಷ್ಟೇ ಕೆಲಸ ಮಾಡಿದೆ’ ಎಂಬ ಮಾತು. ಅಂದರೆ ಎದುರಿಗಿರುವವರು ಪಟ್ಟ ಶ್ರಮವನ್ನು ಹೆಸರಿಸಿ ಹೇಳುವುದೇ ಅಲ್ಲಿ ಥ್ಯಾಂಕ್ಸ್.

ಹೀಗೆ ಒಂದೇ ಪದದೊಳಗೆ ವಾಕ್ಯ ಹಿಡಿಸುವುದು ಹೇಗೆ? ಈ ಸಲದ ಪಾಠದಲ್ಲಿ ನಾವು ನೋಡೋದು ಅದನ್ನೇ. ಕಿರುಂಡಿ ಭಾಷೆಯ ‘ಗುಕೊರ’ ಎಂಬ ಒಂದೇ ಕ್ರಿಯಾಪದ ತಗೊಂಡು ಅದರ ರೂಪಗಳನ್ನು ಒಂದೊಂದಾಗಿ ಕಟ್ಟೋಣ. ‘ಗುಕೊರ’ ಅಂದರೆ ಮಾಡುವುದು, ಕೆಲಸ ಮಾಡುವುದು. ಕನ್ನಡ ಸಂಘದ ಪತ್ರಿಕೆಯಲ್ಲಿ ಆಫ್ರಿಕಾದ ಭಾಷೆಯ ಪಾಠ ಯಾಕೆ ಅಂತ ಕೇಳಬಹುದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೆ ಕ್ರಿಯಾಪದ ಅಂದರೆ ಪದದ ಹಿಂದೆ ಒಂದು ಎಸ್ ಅಥವಾ ಇಡಿ ಅಂಟಿಸೋದು ಅಂತಲೇ ಅಭ್ಯಾಸ. ಕಿರುಂಡಿಯ ಕ್ರಿಯಾಪದ ಹಾಗಿಲ್ಲ. ಕನ್ನಡದ್ದೂ ಹಾಗಿಲ್ಲ. ಒಂದನ್ನು ಬಿಚ್ಚಿದರೆ ಇನ್ನೊಂದು ತಾನಾಗೇ ಬಿಚ್ಚಿಕೊಳ್ಳುತ್ತೆ.

ಮೊದಲು ಭಾಷೆಯ ಪರಿಚಯ

ಬುರುಂಡಿ ಆಫ್ರಿಕಾದ ನಡುಭಾಗದಲ್ಲಿ, ಟಾಂಗನೀಕಾ ಸರೋವರದ ಉತ್ತರದ ತುದಿಯಲ್ಲಿರುವ ಪುಟ್ಟ ದೇಶ. ವಿಸ್ತೀರ್ಣ ಸುಮಾರು 27,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಏಳನೇ ಒಂದು ಭಾಗದಷ್ಟು. ಜನಸಂಖ್ಯೆ ಮಾತ್ರ ಒಂದು ಕೋಟಿಗೂ ಹೆಚ್ಚು. ಸುತ್ತ ರುವಾಂಡಾ, ಟಾಂಜಾನಿಯಾ, ಕಾಂಗೊ. 2019ರಿಂದ ಗಿಟೆಗಾ ರಾಜಕೀಯ ರಾಜಧಾನಿ, ಬುಜುಂಬುರಾ ವ್ಯಾಪಾರದ ರಾಜಧಾನಿ. ಆಫ್ರಿಕಾದ ಬಹಳಷ್ಟು ದೇಶಗಳಲ್ಲಿ ಹತ್ತಾರು ಭಾಷೆಗಳಿದ್ದರೆ, ಬುರುಂಡಿಯಲ್ಲಿ ಹೂಟು, ಟುಟ್ಸಿ, ಟ್ವಾ ಮೂರೂ ಸಮುದಾಯದವರು ಮನೆಯಲ್ಲಿ ಆಡೋದು ಒಂದೇ ಭಾಷೆ, ಕಿರುಂಡಿ. ಇದರ ಜೊತೆಗೆ ಫ್ರೆಂಚ್ ಕೂಡ ಅಧಿಕೃತ ಭಾಷೆ. 2014ರಲ್ಲಿ ಇಂಗ್ಲಿಷ್ ಕೂಡ ಸೇರಿಕೊಂಡಿತು.

ಕಿರುಂಡಿ ಬಂಟು ಕುಟುಂಬದ ಭಾಷೆ. ಸ್ವಾಹಿಲಿ, ಜ಼ುಲು ಇದೇ ಕುಟುಂಬದವು. ಪಕ್ಕದ ರುವಾಂಡಾದ ಕಿನ್ಯರ್ವಾಂಡಾ ಇದಕ್ಕೆ ಎಷ್ಟು ಹತ್ತಿರ ಅಂದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಅರ್ಥವಾಗುತ್ತೆ. ಬೆಲ್ಜಿಯಂನ ಭಾಷಾವಿಜ್ಞಾನಿ ಎ. ಇ. ಮೇಯುಸೆನ್ 1959ರಲ್ಲಿ ಈ ಭಾಷೆಯ ವ್ಯಾಕರಣ ಪ್ರಕಟಿಸಿದರು. ಬಂಟು ಭಾಷೆಗಳನ್ನು ಓದುವವರು ಈಗಲೂ ಅದನ್ನು ತೆರೆಯುತ್ತಾರೆ.

ಬರಹದ ಬಗ್ಗೆ ಎರಡು ಮಾತು. ಕಿರುಂಡಿಯನ್ನು ಬರೆಯೋದು ರೋಮನ್ ಲಿಪಿಯಲ್ಲಿ. ಇಲ್ಲಿ ನಾವು ಕನ್ನಡ ಲಿಪಿಗೆ ತಂದಿದ್ದೇವೆ. ಕೊನೆಯ ‘ಅ’ಕಾರವನ್ನು ನುಂಗದೆ ಪೂರ್ತಿ ಹೇಳಿ: ‘ಕೊರ್’ ಅಲ್ಲ, ‘ಕೊರ’. ‘ಜ಼’ ಅಂದರೆ ಜ಼ೀಬ್ರಾದಲ್ಲಿ ಬರುವ ಸದ್ದು. ದೇಶದ, ಊರಿನ, ಭಾಷೆಯ ಹೆಸರುಗಳನ್ನು ನಮ್ಮ ಪತ್ರಿಕೆಗಳ ರೂಢಿಯಂತೆ ಬರೆದಿದ್ದೇವೆ. ಪಾಠದ ಪದಗಳಲ್ಲಿ ಮಾತ್ರ ತ, ದ ಬಳಸಿದ್ದೇವೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹೆಜ್ಜೆ 1: ಧಾತು ಹುಡುಕೋದು

‘ಗುಕೊರ’ ಮೂರು ತುಂಡುಗಳ ಪದ: ಕು + ಕೊರ್ + ಅ. ನಡುವಿನ ‘ಕೊರ್’ ಧಾತು. ಮುಂದಿನ ‘ಕು’ ನಮ್ಮ ‘ಮಾಡುವುದು’ ಎಂಬುದರ ‘ವುದು’ ಇದ್ದ ಹಾಗೆ. ಕೊನೆಯ ‘ಅ’ ಕ್ರಿಯಾಪದ ಮುಗಿಸುವ ಸ್ವರ.

ಹಾಗಾದರೆ ‘ಕುಕೊರ’ ಆಗಬೇಕಿತ್ತಲ್ಲ, ‘ಗುಕೊರ’ ಹೇಗಾಯ್ತು? ಬೇರೆ ಕ್ರಿಯಾಪದಗಳನ್ನು ಪಕ್ಕದಲ್ಲಿಟ್ಟು ನೋಡಿ:

ಕುವುಗ – ಮಾತಾಡುವುದು
ಕುರಿಮ – ಹೊಲ ಉಳುವುದು, ಬೇಸಾಯ ಮಾಡುವುದು
ಕುಬೊನ – ನೋಡುವುದು, ಕಾಣುವುದು
ಗುಸೊಮ – ಓದುವುದು
ಗುತೆಕ – ಅಡುಗೆ ಮಾಡುವುದು
ಗುಕುಂದ – ಪ್ರೀತಿಸುವುದು

ಧಾತು ವ, ರ, ಬ ದಿಂದ ಶುರುವಾದರೆ ‘ಕು’ ಹಾಗೇ ಉಳಿಯುತ್ತೆ. ಸ, ತ, ಕ ದಿಂದ ಶುರುವಾದರೆ ‘ಗು’ ಆಗುತ್ತೆ. ನಮ್ಮ ವರ್ಗೀಯ ವ್ಯಂಜನಗಳನ್ನು ನೆನಪು ಮಾಡಿಕೊಳ್ಳಿ. ಕ, ಚ, ತ, ಪ ಇವು ಕಂಠದಲ್ಲಿ ನಾದವಿಲ್ಲದ ಅಘೋಷ ವ್ಯಂಜನಗಳು. ಗ, ಜ, ದ, ಬ ಇವು ಘೋಷ. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿದರೆ ನಡುಕದಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಕಿರುಂಡಿಯ ನಿಯಮ ಇಷ್ಟೇ: ಧಾತು ಅಘೋಷದಿಂದ ಶುರುವಾದರೆ ಅದರ ಹಿಂದಿನ ಪ್ರತ್ಯಯದ ಅಘೋಷ ಘೋಷವಾಗುತ್ತೆ. ಎರಡು ಅಘೋಷಗಳು ಅಕ್ಕಪಕ್ಕದ ಅಕ್ಷರಗಳಲ್ಲಿ ಬರೋದು ಅದಕ್ಕೆ ಇಷ್ಟವಿಲ್ಲ. ಕ ಇದ್ದದ್ದು ಗ, ತ ಇದ್ದದ್ದು ದ. ಎಡ್ಮಂಡ್ ಡಾಲ್ ಎಂಬ ಜರ್ಮನ್ ಮಿಷನರಿಯ ಹೆಸರಿನಿಂದ ಇದನ್ನು ‘ಡಾಲ್ ನಿಯಮ’ ಅನ್ನುತ್ತಾರೆ.

ಕ, ತ, ಪ ಹೋಗಿ ಗ, ದ, ಬ ಬರೋದು ನಮಗೆ ಹೊಸದಲ್ಲ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ. ಹೈಸ್ಕೂಲಿನ ಆದೇಶ ಸಂಧಿ! ಆದರೆ ಕಾರಣ ಬೇರೆ, ಜಾಗವೂ ಬೇರೆ. ಕನ್ನಡದಲ್ಲಿ ಬದಲಾಗೋದು ಎರಡನೇ ಪದದ ಮೊದಲ ಅಕ್ಷರ. ಕಿರುಂಡಿಯಲ್ಲಿ ಧಾತು ಅಲ್ಲಾಡೋದಿಲ್ಲ, ಮುಂದಿರುವ ಪ್ರತ್ಯಯವೇ ಬದಲಾಗುತ್ತೆ. ಭಾಷೆಯ ಹೆಸರುಗಳಲ್ಲೂ ಇದೇ ಆಟ: ತಮ್ಮ ಭಾಷೆಗೆ ಅವರು ‘ಇಕಿರುಂದಿ’ ಅಂದರೆ, ಫ್ರೆಂಚಿಗೆ ‘ಇಗಿಫರಾನ್ಸ’ ಅನ್ನುತ್ತಾರೆ. ರ ಘೋಷ, ಆದ್ದರಿಂದ ‘ಕಿ’ ಉಳಿಯಿತು. ಫ ಅಘೋಷ, ಆದ್ದರಿಂದ ‘ಗಿ’ ಬಂತು.

ಹೆಜ್ಜೆ 2: ಯಾರು ಮಾಡ್ತಾರೆ?

ಕನ್ನಡದಲ್ಲಿ ‘ಯಾರು’ ಎಂಬ ಮಾಹಿತಿ ಕ್ರಿಯಾಪದದ ಕೊನೆಯಲ್ಲಿರುತ್ತೆ: ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾರೆ. ಕಿರುಂಡಿಯಲ್ಲಿ ಅದು ಮೊದಲಿಗೇ ಬರುತ್ತೆ.

ನ್ದಕೊರ – ನಾನು ಮಾಡುತ್ತೇನೆ
ಉರಕೊರ – ನೀನು ಮಾಡುತ್ತೀಯ
ಅರಕೊರ – ಅವನು ಮಾಡುತ್ತಾನೆ, ಅವಳು ಮಾಡುತ್ತಾಳೆ
ತುರಕೊರ – ನಾವು ಮಾಡುತ್ತೇವೆ
ಮುರಕೊರ – ನೀವು ಮಾಡುತ್ತೀರಿ
ಬರಕೊರ – ಅವರು ಮಾಡುತ್ತಾರೆ

ಪ್ರತ್ಯಯಗಳು: ನ್, ಉ, ಅ, ತು, ಮು, ಬ. ಅವುಗಳ ನಂತರ ‘ರ’, ಆಮೇಲೆ ಧಾತು. ಮೊದಲನೆಯದು ‘ನ್ರಕೊರ’ ಆಗಬೇಕಿತ್ತು. ನ್ ಪಕ್ಕದಲ್ಲಿ ರ ಬಂದರೆ ಅದು ದ ಆಗುತ್ತೆ. ಆದ್ದರಿಂದ ‘ನ್ದಕೊರ’. ಹಾಗೇ ನ್ ಪಕ್ಕದಲ್ಲಿ ವ ಬಂದರೆ ನ್ ತಾನೇ ಮ್ ಆಗುತ್ತೆ: ‘ಮ್ವುಗ’.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅವನು–ಅವಳು ವ್ಯತ್ಯಾಸ ಇಲ್ಲ. ‘ಅರಕೊರ’ ಇಬ್ಬರಿಗೂ ಸರಿ. ಎರಡು, ‘ಮು’ ಬಹುವಚನವೂ ಹೌದು, ಗೌರವವೂ ಹೌದು, ನಮ್ಮ ‘ನೀವು’ ಇದ್ದ ಹಾಗೆ. ಅದಕ್ಕೇ ಗೆಳೆಯನಿಗೆ ‘ಉರಕೊಜ಼ೆ’ ಅಂದರೆ ಸಾಕು, ದೊಡ್ಡವರಿಗೆ ‘ಮುರಕೊಜ಼ೆ’ ಅನ್ನಬೇಕು. ಬೆಳಗ್ಗೆ ಸಿಕ್ಕಿದಾಗ ಸಮವಯಸ್ಕರಿಗೆ ‘ವರಮುತ್ಸೆ’, ಹಿರಿಯರಿಗೆ ‘ಮ್ವರಮುತ್ಸೆ’. ಇಂಗ್ಲಿಷ್‌ನ ಒಂದೇ ‘ಯೂ’ ಇಟ್ಟುಕೊಂಡು ಇದನ್ನು ಕಲಿಯುವವರು ಒಂದು ಪುಟ ವಿವರಣೆ ಓದಬೇಕು. ನಮಗೆ ಒಂದು ಸಾಲು ಸಾಕು.

ಹೆಜ್ಜೆ 3: ಬಂದು ಹೋಗುವ ‘ರ’

‘ನೀನು ಏನು ಕೆಲಸ ಮಾಡ್ತೀಯ’ ಎಂದು ಕೇಳಬೇಕಾದರೆ ‘ಉರಕೊರ ಇಕಿ’ ಅಲ್ಲ, ‘ಉಕೊರ ಇಕಿ?’ ಅನ್ನಬೇಕು. ‘ಗಿಟೆಗಾದಲ್ಲಿ ಕೆಲಸ ಮಾಡ್ತೀನಿ’ ಅನ್ನೋದಕ್ಕೆ ‘ನ್ಕೊರ ಇ ಗಿಟೆಗಾ’. ‘ರ’ ಎಲ್ಲಿ ಹೋಯ್ತು?

ಕಿರುಂಡಿಯಲ್ಲಿ ವರ್ತಮಾನಕ್ಕೆ ಎರಡು ರೂಪ. ಮಾತು ಕ್ರಿಯಾಪದದಲ್ಲೇ ಮುಗಿದರೆ, ಒತ್ತು ಕೆಲಸದ ಮೇಲೇ ಇದ್ದರೆ ‘ರ’ ಬರುತ್ತೆ. ಮುಂದೆ ಬರುವ ಪದವೇ ಮುಖ್ಯವಾದರೆ, ಅಂದರೆ ‘ಏನು’, ‘ಎಲ್ಲಿ’, ‘ಗಿಟೆಗಾದಲ್ಲಿ’ ಎಂಬುದೇ ಹೇಳಬೇಕಾದ ಹೊಸ ವಿಷಯವಾದರೆ ‘ರ’ ಬೀಳುತ್ತೆ. ಕನ್ನಡದಲ್ಲಿ ಈ ಒತ್ತನ್ನು ನಾವು ದನಿಯಲ್ಲೋ, ‘ಏ’ ಸೇರಿಸಿಯೋ ತೋರಿಸುತ್ತೇವೆ: ‘ಗಿಟೆಗಾದಲ್ಲೇ ಮಾಡೋದು’. ಕಿರುಂಡಿ ಅದನ್ನು ಕ್ರಿಯಾಪದದೊಳಗೇ ಬರೆದಿಡುತ್ತೆ.

‘ರ’ ಇಲ್ಲದ ರೂಪಗಳು: ನ್ಕೊರ, ಉಕೊರ, ಅಕೊರ, ದುಕೊರ, ಮುಕೊರ, ಬಕೊರ.

ನಾಲ್ಕನೆಯದನ್ನು ಇನ್ನೊಮ್ಮೆ ನೋಡಿ. ‘ತುರಕೊರ’ದಲ್ಲಿ ಇದ್ದ ‘ತು’ ಇಲ್ಲಿ ‘ದು’ ಆಗಿದೆ. ನಡುವೆ ‘ರ’ ಇದ್ದಾಗ ತು ಪಕ್ಕದಲ್ಲಿ ಘೋಷ ಇತ್ತು, ಏನೂ ಆಗಲಿಲ್ಲ. ‘ರ’ ಹೋದ ಕೂಡಲೇ ತು ನೇರವಾಗಿ ‘ಕೊ’ ಪಕ್ಕಕ್ಕೆ ಬಂತು, ಡಾಲ್ ನಿಯಮ ಹಿಡಿಯಿತು. ತ, ದ ಬಳಸಿದ್ದು ಇದಕ್ಕೇ. ಒಂದೇ ವರ್ಗದ ಮೊದಲ ಮತ್ತು ಮೂರನೇ ಅಕ್ಷರ ಅಂತ ಕಣ್ಣಿಗೇ ಕಾಣುತ್ತೆ.

ಹೆಜ್ಜೆ 4: ಮಾಡಲ್ಲ

ಇಲ್ಲ ಅನ್ನೋದಕ್ಕೆ ಎಲ್ಲಕ್ಕಿಂತ ಮೊದಲು ‘ನ್ತಿ’ ಸೇರಿಸಿ. ‘ನಾನು’ಗೆ ಮಾತ್ರ ‘ಸಿ’.

ಸಿನ್ಕೊರ – ನಾನು ಮಾಡುವುದಿಲ್ಲ
ನ್ತುಕೊರ – ನೀನು ಮಾಡುವುದಿಲ್ಲ
ನ್ತಕೊರ – ಅವನು/ಅವಳು ಮಾಡುವುದಿಲ್ಲ
ನ್ತಿದುಕೊರ – ನಾವು ಮಾಡುವುದಿಲ್ಲ
ನ್ತಿಮುಕೊರ – ನೀವು ಮಾಡುವುದಿಲ್ಲ
ನ್ತಿಬಕೊರ – ಅವರು ಮಾಡುವುದಿಲ್ಲ

ನ್ತಿ + ಉ ಸೇರಿ ‘ನ್ತು’, ನ್ತಿ + ಅ ಸೇರಿ ‘ನ್ತ’. ಪಕ್ಕಾ ಲೋಪ ಸಂಧಿ, ‘ಊರು + ಅಲ್ಲಿ = ಊರಲ್ಲಿ’ ಇದ್ದ ಹಾಗೆ. ನಿಷೇಧದಲ್ಲಿ ‘ರ’ ಬರೋದಿಲ್ಲ. ಕನ್ನಡದಲ್ಲಿ ‘ಇಲ್ಲ’ ಕೊನೆಗೆ ಬರುತ್ತೆ, ಆದ್ದರಿಂದ ವಾಕ್ಯ ಮುಗಿಯುವ ತನಕ ಕೇಳುವವರಿಗೆ ಸಸ್ಪೆನ್ಸ್. ಕಿರುಂಡಿಯಲ್ಲಿ ಮೊದಲ ಉಸಿರಿಗೇ ಗೊತ್ತಾಗಿಬಿಡುತ್ತೆ.

ಹೆಜ್ಜೆ 5: ಮಾಡಿದೆ

ಭೂತಕಾಲದಲ್ಲಿ ಕೊನೆಯ ‘ಅ’ ಹೋಗಿ ‘ಯೆ’ ಬರುತ್ತೆ. ಅದು ಧಾತುವಿನ ಕೊನೆಯ ವ್ಯಂಜನಕ್ಕೆ ತಾಗಿದಾಗ ಸದ್ದು ಬದಲಾಗುತ್ತೆ:

ಸೊಮ್ + ಯೆ = ಸೊಮ್ಯೆ (ಬದಲಾವಣೆ ಇಲ್ಲ)
ಕೊರ್ + ಯೆ = ಕೊಜ಼ೆ
ವುಗ್ + ಯೆ = ವುಜ಼ೆ
ತೆಕ್ + ಯೆ = ತೆತ್ಸೆ

ಮೊದಲ ಸಲಕ್ಕೆ ತಲೆನೋವು ಅನ್ನಿಸಬಹುದು. ಆದರೆ ಬರು–ಬಂದ, ಕೊಡು–ಕೊಟ್ಟ, ಹೋಗು–ಹೋದ ಅಂತ ದಿನಾ ಹೇಳುವ ನಾವು ದೂರುವ ಹಾಗಿಲ್ಲ. ಕಿರುಂಡಿಯಲ್ಲಿ ಕಡೇಪಕ್ಷ ರ ಇದ್ದರೆ ಜ಼, ಕ ಇದ್ದರೆ ತ್ಸ ಅಂತ ಒಂದು ಲೆಕ್ಕ ಇದೆ. ಹೆಜ್ಜೆ 2ರಲ್ಲಿ ಬಂದ ‘ವರಮುತ್ಸೆ’ಯಲ್ಲೂ ಈ ‘ತ್ಸೆ’ ಇದೆ. ಅದು ‘ಕುರಮುಕ’, ಅಂದರೆ ರಾತ್ರಿ ಕಳೆದು ಬೆಳಕಿಗೆ ಬರುವುದು, ಎಂಬುದರ ಭೂತಕಾಲ. ‘ರಾತ್ರಿ ಸುಖವಾಗಿ ಕಳೆಯಿತಲ್ಲ’ ಎಂಬುದೇ ಅವರ ಶುಭೋದಯ.

ಈಗ ‘ಕೊಜ಼ೆ’ಗೆ ಮುಂದಿನ ಪ್ರತ್ಯಯ ಹಾಕಿ. ಈಗ ತಾನೇ ಮುಗಿದ ಕೆಲಸಕ್ಕೆ ವರ್ತಮಾನದ ಪ್ರತ್ಯಯಗಳೇ ಸಾಕು: ನ್ದಕೊಜ಼ೆ, ಉರಕೊಜ಼ೆ, ಅರಕೊಜ಼ೆ, ತುರಕೊಜ಼ೆ, ಮುರಕೊಜ಼ೆ, ಬರಕೊಜ಼ೆ. ಧನ್ಯವಾದದ ಗುಟ್ಟು ಇಲ್ಲಿದೆ: ಉ (ನೀನು) + ರ + ಕೊಜ಼ೆ (ಮಾಡಿದೆ). ಬಹಳ ಧನ್ಯವಾದ ಅನ್ನಬೇಕಾದರೆ ‘ಉರಕೊಜ಼ೆ ಚಾನೆ’.

ಅದಕ್ಕಿಂತ ಹಿಂದಿನ ಕೆಲಸವಾದರೆ ಪುರುಷ ಪ್ರತ್ಯಯಕ್ಕೆ ಇನ್ನೊಂದು ‘ಅ’ ಸೇರುತ್ತೆ:

ನರಕೊಜ಼ೆ – ನಾನು ಮಾಡಿದೆ
ವರಕೊಜ಼ೆ – ನೀನು ಮಾಡಿದೆ
ಯರಕೊಜ಼ೆ – ಅವನು ಮಾಡಿದ, ಅವಳು ಮಾಡಿದಳು
ತ್ವರಕೊಜ಼ೆ – ನಾವು ಮಾಡಿದೆವು
ಮ್ವರಕೊಜ಼ೆ – ನೀವು ಮಾಡಿದಿರಿ
ಬರಕೊಜ಼ೆ – ಅವರು ಮಾಡಿದರು

ಉ + ಅ = ವ, ತು + ಅ = ತ್ವ, ಮು + ಅ = ಮ್ವ. ಇದು ಯಣ್ ಸಂಧಿ ಅಂತ ಗುರುತು ಸಿಕ್ಕಿರಬೇಕು. ಮನು + ಅಂತರ = ಮನ್ವಂತರ ಆಗೋದೂ ಹೀಗೇ.

ಇಲ್ಲೊಂದು ಸೂಕ್ಷ್ಮ ಇದೆ. ‘ಅವರು ಈಗಷ್ಟೇ ಮಾಡಿದರು’ ಮತ್ತು ‘ಅವರು ಹಿಂದೆ ಮಾಡಿದರು’ ಎರಡಕ್ಕೂ ಬರಹದಲ್ಲಿ ‘ಬರಕೊಜ಼ೆ’ ಒಂದೇ. ಮಾತಿನಲ್ಲಿ ಎರಡನೆಯದರ ಮೊದಲ ಸ್ವರ ದೀರ್ಘ, ಯಾಕಂದರೆ ಅಲ್ಲಿ ಬ + ಅ ಸೇರಿದೆ. ರೋಮನ್ ಲಿಪಿಯ ದಿನಬಳಕೆಯ ಬರಹ ಈ ಹ್ರಸ್ವ–ದೀರ್ಘವನ್ನು ತೋರಿಸೋದಿಲ್ಲ. ಸ್ವರದ ಏರಿಳಿತವನ್ನೂ ತೋರಿಸೋದಿಲ್ಲ. ಆದರೆ ಕಿರುಂಡಿಯಲ್ಲಿ ಏರಿಳಿತಕ್ಕೇ ಅರ್ಥ ಇದೆ: ‘ನರಕೊಜ಼ೆ’ಯ ಮೊದಲ ‘ಅ’ವನ್ನು ತಗ್ಗು ದನಿಯಲ್ಲಿ ಹೇಳಿದರೆ ಇವತ್ತು ಮಾಡಿದ ಕೆಲಸ, ಏರುದನಿಯಲ್ಲಿ ಹೇಳಿದರೆ ನಿನ್ನೆ ಅಥವಾ ಅದಕ್ಕೂ ಹಿಂದೆ ಮಾಡಿದ ಕೆಲಸ. ನಮ್ಮ ‘ಮಾಡಿದೆ’ಗೆ ಇವತ್ತು, ಹೋದ ವರ್ಷ ಎಲ್ಲ ಒಂದೇ. ಅವರಿಗೆ ಅಲ್ಲ.

ಹೆಜ್ಜೆ 6: ಮಾಡ್ತೀನಿ, ನಾಳೆ

ಭವಿಷ್ಯಕ್ಕೆ ‘ರ’ ಇದ್ದ ಜಾಗದಲ್ಲಿ ‘ಜ಼ೊ’ ಇಡಿ: ನ್ಜ಼ೊಕೊರ, ಉಜ಼ೊಕೊರ, ಅಜ಼ೊಕೊರ, ತುಜ಼ೊಕೊರ, ಮುಜ಼ೊಕೊರ, ಬಜ಼ೊಕೊರ. ಇಲ್ಲ ಅನ್ನಲು ಮೊದಲಿನಂತೆ: ಸಿನ್ಜ಼ೊಕೊರ, ನ್ತಜ಼ೊಕೊರ. ಗಡಿ ದಾಟಿ ರುವಾಂಡಾಕ್ಕೆ ಹೋದರೆ ಇದು ‘ಜ಼’ ಆಗುತ್ತೆ: ನ್ಜ಼ಕೊರ. ಒಂದು ಸ್ವರದಲ್ಲೇ ಮಾತಾಡುವವರು ಯಾವ ಕಡೆಯವರು ಅಂತ ತಿಳಿಯುತ್ತೆ.

‘ಎಜೊ’ ಎಂಬ ಪದ ಇನ್ನೂ ಮಜಾ. ಅದಕ್ಕೆ ನಿನ್ನೆ ಅಂತಲೂ ಅರ್ಥ, ನಾಳೆ ಅಂತಲೂ ಅರ್ಥ, ಹಿಂದಿಯ ‘ಕಲ್’ ಇದ್ದ ಹಾಗೆ. ಗೊಂದಲ ಆಗಲ್ವಾ? ಕ್ರಿಯಾಪದ ಇರುವಾಗ ಆಗಲ್ಲ. ‘ಎಜೊ ನರಕೊಜ಼ೆ’ ಅಂದರೆ ನಿನ್ನೆ ಕೆಲಸ ಮಾಡಿದೆ. ‘ಎಜೊ ನ್ಜ಼ೊಕೊರ’ ಅಂದರೆ ನಾಳೆ ಮಾಡ್ತೀನಿ. ಕನ್ನಡದಲ್ಲಿ ಇದರ ತಿರುವುಮುರುವು. ‘ಮಾಡ್ತೀನಿ’ ಅನ್ನೋದು ಈಗಲೋ ಮುಂದೋ ಅಂತ ಹೇಳೋಕೆ ನಮಗೆ ‘ನಾಳೆ’ ಬೇಕು. ಅಸೈನ್‌ಮೆಂಟ್ ವಿಷಯದಲ್ಲಿ ಇದರ ಲಾಭ ಎಲ್ಲರಿಗೂ ಗೊತ್ತು.

ಇನ್ನೆರಡು ರೂಪ ಬೇಗ ನೋಡಿಬಿಡೋಣ. ‘ಮಾಡಬಹುದಿತ್ತು, ಮಾಡೇನು’ ಎಂಬ ಧಾಟಿಗೆ ‘ಒ’: ನೊಕೊರ, ವೊಕೊರ, ಯೊಕೊರ, ತ್ವೊಕೊರ, ಮ್ವೊಕೊರ, ಬೊಕೊರ. ‘ಮಾಡಲಿ, ಮಾಡೋಣ’ ಎಂಬುದಕ್ಕೆ ಕೊನೆಯ ಅ ಬದಲು ಎ: ನ್ಕೊರೆ, ಉಕೊರೆ, ಅಕೊರೆ, ದುಕೊರೆ, ಮುಕೊರೆ, ಬಕೊರೆ. ‘ದುಕೊರೆ’ ಅಂದರೆ ‘ಮಾಡೋಣ’. ನೇರ ಆಜ್ಞೆಗೆ ಬರೀ ‘ಕೊರ!’, ನಮ್ಮ ‘ಮಾಡು!’ ಇದ್ದ ಹಾಗೆ. ಇಲ್ಲಿ ಕೊನೆಯ ಸ್ವರ ಜೋಪಾನ: ‘ನ್ತುಕೊರ’ ಅಂದರೆ ನೀನು ಮಾಡಲ್ಲ, ‘ನ್ತುಕೊರೆ’ ಅಂದರೆ ನೀನು ಮಾಡಬೇಡ.

ಹೆಜ್ಜೆ 7: ಧಾತುವಿನ ಬೆನ್ನಿಗೆ ಅಂಟುವ ಪ್ರತ್ಯಯಗಳು

ಇಲ್ಲಿಯವರೆಗೆ ಎಲ್ಲ ಬದಲಾವಣೆ ಧಾತುವಿನ ಮುಂದೆ ಅಥವಾ ತೀರಾ ಕೊನೆಯಲ್ಲಿ. ಧಾತುವಿಗೂ ಕೊನೆಯ ಸ್ವರಕ್ಕೂ ನಡುವೆ ಇನ್ನೊಂದು ಜಾಗ ಇದೆ:

ಗುಕೊರೆರ – ಯಾರಿಗಾಗಿಯೋ ಮಾಡುವುದು
ಗುಕೊರನ – ಜೊತೆಗೂಡಿ ಮಾಡುವುದು
ಗುಕೊರೆಶ – ಮಾಡಿಸುವುದು, ಬಳಸುವುದು
ಗುಕೊರ್ವ – ಮಾಡಲ್ಪಡುವುದು

ಮೂರನೆಯದನ್ನು ಕನ್ನಡದ ಜೊತೆ ಸಾಲಾಗಿ ಇಟ್ಟು ನೋಡಿ:

ನ್ + ರ + ಕೊರ್ + ಎಶ್ + ಅ
ಮಾಡ್ + ಇಸ್ + ಉತ್ತ್ + ಏನೆ

ಕಿರುಂಡಿಯಲ್ಲಿ ಪುರುಷ, ಕಾಲ, ಧಾತು. ಕನ್ನಡದಲ್ಲಿ ಧಾತು, ಕಾಲ, ಪುರುಷ. ಕನ್ನಡಿ ಹಿಡಿದಂತೆ ತಿರುಗಿದೆ. ಆದರೆ ‘ಇಸು’ ಮಾತ್ರ ಎರಡರಲ್ಲೂ ಧಾತುವಿನ ಬೆನ್ನಿಗೇ ಅಂಟಿಕೊಂಡಿದೆ. ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ. ಆದರೂ ಕೆಲಸದ ಅರ್ಥವನ್ನೇ ಬದಲಿಸುವ ತುಂಡು ಧಾತುವಿನ ಹತ್ತಿರ, ಯಾವಾಗ, ಯಾರು ಎಂಬ ತುಂಡುಗಳು ಅದರಿಂದ ದೂರ.

‘ಕೆಲಸ ಮಾಡಿಸು’ ಎಂಬುದೇ ‘ಬಳಸು’ ಆಗಿರೋದನ್ನೂ ಗಮನಿಸಿ. ‘ನ್ಕೊರೆಶ ತೆಲೆಫೊನೆ’ ಅಂದರೆ ಫೋನ್ ಬಳಸ್ತೀನಿ, ಅಕ್ಷರಶಃ ಫೋನಿನಿಂದ ಕೆಲಸ ಮಾಡಿಸ್ತೀನಿ. ಇದರಿಂದಲೇ ‘ಇಗಿಕೊರೆಶೊ’ ಹುಟ್ಟಿದೆ, ಅಂದರೆ ಉಪಕರಣ. ಕೊರ್ ಧಾತುವಿನಿಂದಲೇ ‘ಉಮುಕೊಜ಼ಿ’, ಕೆಲಸಗಾರ. ‘ಇಗಿಕೊರ್ವ’, ಮಾಡಲಾದದ್ದು, ಅಂದರೆ ಕಾರ್ಯ. ಅದರ ಬಹುವಚನ ‘ಇಬಿಕೊರ್ವ’ ಬುರುಂಡಿಯ ರಾಷ್ಟ್ರೀಯ ಘೋಷವಾಕ್ಯದಲ್ಲಿದೆ: ‘ಉಬುಮ್ವೆ, ಇಬಿಕೊರ್ವ, ಇತೆರಂಬೆರೆ’. ಏಕತೆ, ದುಡಿಮೆ, ಪ್ರಗತಿ. ಆ ದೇಶದ ಬಾವುಟದ ನಡುವೆ ಇರುವ ಮೂರು ಕೆಂಪು ನಕ್ಷತ್ರಗಳು ಈ ಮೂರು ಪದಗಳನ್ನು ಸೂಚಿಸುತ್ತವೆ. ನಾವು ಇಷ್ಟು ಹೊತ್ತು ಬಿಚ್ಚುತ್ತಾ ಕೂತ ಧಾತು ಒಂದು ದೇಶದ ಬಾವುಟದ ಮೇಲೂ ಇದೆ.

ಒಂದು ಸಣ್ಣ ನಿಯಮ: ಧಾತುವಿನ ಸ್ವರ ಎ ಅಥವಾ ಒ ಆಗಿದ್ದರೆ ಎರ್, ಎಶ್. ಅ, ಇ, ಉ ಆಗಿದ್ದರೆ ಇರ್, ಇಶ್. ಅದಕ್ಕೇ ಕೊರೆರ, ಕೊರೆಶ. ಆದರೆ ಕುವುಗದಿಂದ ವುಗಿರ, ವುಗಿಶ.

ಹೆಜ್ಜೆ 8: ಯಾರನ್ನು?

ಕರ್ಮಕ್ಕೂ ಕ್ರಿಯಾಪದದೊಳಗೆ ಸೀಟು ಇದೆ, ಧಾತುವಿನ ಮುಂದೆಯೇ. ‘ನ್ದಬಿಕೊರ’ ಅಂದರೆ ‘ಅವನ್ನು ಮಾಡ್ತೀನಿ’. ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳೋದು ಇನ್ನೊಂದು ಉದಾಹರಣೆ: ‘ನ್ದಗುಕುಂದ’. ನ್ (ನಾನು) + ರ + ಕು (ನಿನ್ನನ್ನು) + ಕುಂದ (ಪ್ರೀತಿಸು). ಕು ಪಕ್ಕದಲ್ಲಿ ಕ ಇರೋದರಿಂದ ಗು. ‘ನಿನ್ನನ್ನು ನೋಡ್ತೀನಿ’ ಅಂದರೆ ‘ನ್ದಕುಬೊನ’, ಬ ಘೋಷ, ಆದ್ದರಿಂದ ಕು ಹಾಗೇ. ‘ಅವನು ನನ್ನನ್ನು ಪ್ರೀತಿಸ್ತಾನೆ’, ‘ಅವಳು ನನ್ನನ್ನು ಪ್ರೀತಿಸ್ತಾಳೆ’ ಎರಡಕ್ಕೂ ‘ಅರನ್ಕುಂದ’. ಪ್ರೀತಿಯ ವಿಷಯದಲ್ಲೂ ಡಾಲ್ ನಿಯಮ ತಪ್ಪಿಸಿಕೊಳ್ಳೋ ಹಾಗಿಲ್ಲ.

ಹೆಜ್ಜೆ 9: ಮನುಷ್ಯರಲ್ಲದವರು ಮಾಡಿದರೆ

ಕನ್ನಡದಲ್ಲಿ ಅವನು, ಅವಳು, ಅದು ಅಂತ ಮೂರು. ಕಿರುಂಡಿಯಲ್ಲಿ ನಾಮಪದಗಳಿಗೆ ಒಟ್ಟು 16 ವರ್ಗ, ಪ್ರತಿ ವರ್ಗಕ್ಕೂ ತನ್ನದೇ ಪ್ರತ್ಯಯ. ಎಲ್ಲ ಬೇಡ, ಲ್ಯಾಬ್‌ಗೆ ಬೇಕಾದಷ್ಟು ಸಾಕು:

ಉಮುಂತು ಅರಕೊರ – ಮನುಷ್ಯ ಕೆಲಸ ಮಾಡುತ್ತಾನೆ
ಅಬಂತು ಬರಕೊರ – ಮನುಷ್ಯರು ಕೆಲಸ ಮಾಡುತ್ತಾರೆ
ಇಗಿಕೊರೆಶೊ ಕಿರಕೊರ – ಉಪಕರಣ ಕೆಲಸ ಮಾಡುತ್ತೆ
ಇಬಿಕೊರೆಶೊ ಬಿರಕೊರ – ಉಪಕರಣಗಳು ಕೆಲಸ ಮಾಡುತ್ತವೆ
ಇಮಶಿನಿ ಇರಕೊರ – ಮಶೀನು ಕೆಲಸ ಮಾಡುತ್ತೆ
ಇಮಶಿನಿ ಜ಼ಿರಕೊರ – ಮಶೀನುಗಳು ಕೆಲಸ ಮಾಡುತ್ತವೆ
ಇಮಶಿನಿ ನ್ತಿಕೊರ – ಮಶೀನು ಕೆಲಸ ಮಾಡಲ್ಲ

‘ಅಬಂತು’ವಿನಲ್ಲಿರುವ ‘ಬಂತು’ವೇ ಬಂಟು ಎಂಬ ಕುಟುಂಬದ ಹೆಸರಾದದ್ದು. ಇಮಶಿನಿಗೆ ಏಕವಚನ, ಬಹುವಚನ ಎರಡೂ ಒಂದೇ ರೂಪ. ಒಂದು ಕೆಟ್ಟಿದೆಯೋ ಎಲ್ಲವೂ ಕೆಟ್ಟಿವೆಯೋ ಅಂತ ಹೇಳೋದು ಕ್ರಿಯಾಪದವೇ.

ಲೆಕ್ಕ ಹಾಕಿ ನೋಡೋಣ

ನಾವು ಕಲಿತದ್ದನ್ನು ಎಣಿಸೋಣ. ಇದೆ ಎಂಬ ರೂಪಗಳು 7: ನ್ದಕೊರ, ನ್ಕೊರ, ನ್ದಕೊಜ಼ೆ, ನರಕೊಜ಼ೆ, ನ್ಜ಼ೊಕೊರ, ನೊಕೊರ, ನ್ಕೊರೆ. ಇಲ್ಲ ಎಂಬವು 3: ಸಿನ್ಕೊರ, ಸಿನಕೊಜ಼ೆ, ಸಿನ್ಜ಼ೊಕೊರ. ಒಟ್ಟು 10, ಆರು ಪುರುಷಗಳಿಗೆ 60. ಕೊರ, ಕೊರೆರ, ಕೊರನ, ಕೊರೆಶ, ಕೊರ್ವ ಎಂಬ ಐದು ಅಂಗಗಳಿಗೆ ಸುಮಾರು 300. ಕರ್ಮದ ಪ್ರತ್ಯಯ, ಉಳಿದ ನಾಮವರ್ಗ ಸೇರಿಸಿದರೆ ಸಾವಿರಗಳಿಗೆ ಹೋಗುತ್ತೆ. ಇಂಗ್ಲಿಷ್‌ನ ‘ವರ್ಕ್’ಗೆ? ವರ್ಕ್, ವರ್ಕ್ಸ್, ವರ್ಕ್ಡ್, ವರ್ಕಿಂಗ್. ನಾಲ್ಕು.

ಪದಗಳ ಪಟ್ಟಿ ಇಟ್ಟುಕೊಂಡು ಸ್ಪೆಲ್‌ಚೆಕ್ ಮಾಡುವ ಪ್ರೋಗ್ರಾಂ ಇಂಗ್ಲಿಷ್‌ಗೆ ಸಾಕಾಗಬಹುದು. ಕಿರುಂಡಿಗೆ ಸಾಲದು, ಕನ್ನಡಕ್ಕೂ ಸಾಲದು. ಸರಿಯಾಗಿ ಬರೆದ ‘ಮಾಡಿಸಿಕೊಳ್ಳದಿದ್ದರೆ’ಯ ಕೆಳಗೆ ಕೆಂಪು ಗೆರೆ ಬಿದ್ದರೆ ತಪ್ಪು ನಮ್ಮದಲ್ಲ, ಆ ಪಟ್ಟಿಯದ್ದು. ಇಂಥ ಭಾಷೆಗೆ ಬೇಕಾದ್ದು ನಿಯಮ: ಯಾವ ಸೀಟಿನ ನಂತರ ಯಾವ ಸೀಟು, ಎಲ್ಲಿ ಯಾವ ಸದ್ದು ಬದಲಾಗುತ್ತೆ ಎಂಬ ನಿಯಮ. ಫೈನೈಟ್ ಆಟೊಮೇಟಾ ಓದುತ್ತಿರುವವರಿಗೆ ಮೇಲಿನ ಒಂಬತ್ತು ಹೆಜ್ಜೆಗಳಲ್ಲಿ ಸ್ಟೇಟ್ ಡಯಾಗ್ರಾಂ ಕಂಡಿರಲೇಬೇಕು. ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ‘ಮಾಡು’ವಿನಿಂದಲೇ ಶುರು ಮಾಡಬಹುದು.

ಕೊನೆಗೆ ‘ಮಾಡು’ವಿನ ಬಗ್ಗೆಯೇ ಒಂದು ಮಾತು. ಕ್ಯಾಂಪಸ್‌ನಲ್ಲಿ ನಾವಾಡುವ ಕನ್ನಡ ಕೇಳಿಸಿಕೊಳ್ಳಿ: ಯೂಸ್ ಮಾಡ್ತೀನಿ, ಹೆಲ್ಪ್ ಮಾಡ್ತೀನಿ, ವೇಟ್ ಮಾಡ್ತೀನಿ, ಥಿಂಕ್ ಮಾಡ್ತೀನಿ. ಬಳಸು, ನೆರವಾಗು, ಕಾಯು, ಯೋಚಿಸು ಎಲ್ಲವೂ ಒಂದೊಂದಾಗಿ ರಜೆಗೆ ಹೋಗಿ, ಅವುಗಳ ಡ್ಯೂಟಿಯನ್ನೆಲ್ಲ ಮಾಡು ಒಂದೇ ನೋಡಿಕೊಳ್ತಿದೆ. ಇದರಲ್ಲಿ ಸಮಾಧಾನವೂ ಇದೆ. ಇಂಗ್ಲಿಷ್ ಪದ ಎಷ್ಟೇ ಬರಲಿ, ಯಾರು, ಯಾವಾಗ, ಹೌದೋ ಅಲ್ಲವೋ ಅಂತ ಹೇಳೋದು ಇನ್ನೂ ಕನ್ನಡದ ಪ್ರತ್ಯಯಗಳೇ. ಆದರೆ ಒಂದು ಭಾಷೆಯ ಇಂಜಿನ್ ಒಂದೇ ಕ್ರಿಯಾಪದದ ಮೇಲೆ ಓಡುವ ಹಾಗಾಗಬಾರದು. ‘ಬಳಸ್ತೀನಿ’ ಅನ್ನೋದು ‘ಯೂಸ್ ಮಾಡ್ತೀನಿ’ಗಿಂತ ಚಿಕ್ಕದೂ ಹೌದು. ಟೈಪ್ ಮಾಡೋಕೂ ಸುಲಭ. ಈ ವಾರ ಒಂದು ಕ್ರಿಯಾಪದವನ್ನು ರಜೆಯಿಂದ ವಾಪಸ್ ಕರೆಸಿ ನೋಡಿ.

ಅಭ್ಯಾಸ

ಕಿರುಂಡಿಯಲ್ಲಿ ಹೇಳಿ:
1. ಅವರು ಓದುತ್ತಾರೆ. (ಗುಸೊಮ)
2. ನಾವು ಪುಸ್ತಕಗಳನ್ನು ಓದುತ್ತೇವೆ. (ಪುಸ್ತಕಗಳು = ಇಬಿತಬೊ; ಒತ್ತು ಪುಸ್ತಕದ ಮೇಲೆ)
3. ನಾನು ಮಾತಾಡುವುದಿಲ್ಲ. (ಕುವುಗ)
4. ನಾಳೆ ಅವಳು ಅಡುಗೆ ಮಾಡುತ್ತಾಳೆ. (ಗುತೆಕ)
5. ನೀವು ಓದಿದಿರಿ. (ಗುಸೊಮ, ಈಗಷ್ಟೇ ಅಲ್ಲ, ಹಿಂದೆ)
6. ಮಶೀನುಗಳು ಕೆಲಸ ಮಾಡುವುದಿಲ್ಲ.

ಉತ್ತರ: 1. ಬರಸೊಮ. 2. ದುಸೊಮ ಇಬಿತಬೊ. 3. ಸಿಮ್ವುಗ. 4. ಎಜೊ ಅಜ಼ೊತೆಕ. 5. ಮ್ವರಸೊಮ್ಯೆ. 6. ಇಮಶಿನಿ ನ್ತಿಜ಼ಿಕೊರ.

ಎರಡನೆಯದರಲ್ಲಿ ‘ತು’ ಯಾಕೆ ‘ದು’ ಆಯ್ತು, ಮೂರನೆಯದರಲ್ಲಿ ನ್ ಯಾಕೆ ಮ್ ಆಯ್ತು ಅಂತ ಪಕ್ಕದವರಿಗೆ ಬಿಡಿಸಿ ಹೇಳೋಕೆ ಬಂದರೆ ಪಾಠ ಬಂತು ಅಂತಲೇ ಲೆಕ್ಕ. ಇಲ್ಲಿಯವರೆಗೆ ಓದಿ, ಅಭ್ಯಾಸವನ್ನೂ ಮಾಡಿದವರಿಗೆಲ್ಲ: ಮುರಕೊಜ಼ೆ ಚಾನೆ.